ನೀರಿನ ಮಿತವ್ಯಯವೂ ವಿಶ್ವೇಶ್ವರಯ್ಯನವರೂ

ವಿಶ್ವೇಶ್ವರಯ್ಯನವರ ಹೆಸರೆತ್ತಿದೊಡನೆ ನಮ್ಮ ಕಣ್ಣೆದುರಿಗೆ ಬಂದು ನಿಲ್ಲುವುದು ಕನ್ನಂಬಾಡಿ ಕಟ್ಟೆ. ಮಂಡ್ಯದ ಹಸುರು ಗದ್ದೆಗಳು, ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಮೈಸೂರು ವಿಶ್ವವಿದ್ಯಾನಿಲಯ ಇವೆಲ್ಲವೂ ಆ ಹೆಸರಿನೊಡನೆ ಹೆಣೆದುಕೊಂಡಿವೆ. ಪ್ರಾಥಮಿಕ ಶಾಲೆಯ ಬಾಲಕನೂ ಬಲ್ಲ ಸಂಗತಿಗಳು ಇವು. ಆದರೆ ಈ ಕಟ್ಟಡಗಳ ಹಿಂದೆ, ಕಣ್ಣಿಗೆ ಕಾಣದ ಇನ್ನೊಂದು ಕೆಲಸವನ್ನು ಆ ಮಹನೀಯರು ಮಾಡಿದ್ದಾರೆ. ಕೂಡಿಟ್ಟ ನೀರನ್ನು ಪೋಲಾಗದಂತೆ ಕಾಪಾಡಿ, ಹಲವು ಹಳ್ಳಿಗಳಿಗೆ ನ್ಯಾಯವಾಗಿ ಹಂಚುವ ಕ್ರಮವನ್ನು ರೂಪಿಸಿದ್ದೇ ಆ ಕೆಲಸ. ಅದಕ್ಕೆ ಶಿಲಾಶಾಸನವಿಲ್ಲ, ಅದನ್ನು ನೋಡಲು ಪ್ರವಾಸಿಗರು ಹೋಗುವುದಿಲ್ಲ. ಆದರೂ ಅವರ ಜೀವನದ ಅತ್ಯಂತ ಬೆಲೆಯುಳ್ಳ ಪಾಠ ಅದರಲ್ಲಿಯೇ ಅಡಗಿದೆಯೆಂದು ನನಗೆ ತೋರುತ್ತದೆ. ಆ ದೃಷ್ಟಿಯಿಂದ ಅವರ ಜೀವನವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲು ಯತ್ನಿಸಿದ್ದೇನೆ.

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1861ನೆಯ ಇಸವಿ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ತಾಯಿ ವೆಂಕಟಲಕ್ಷ್ಮಮ್ಮನವರು ದೈವಭಕ್ತೆ, ಶಿಸ್ತಿನ ಗೃಹಿಣಿ. ಮನೆಯಲ್ಲಿ ವಿದ್ಯೆಯಿತ್ತು, ಹಣವಿರಲಿಲ್ಲ. ಆಗ ಅವಿಭಜಿತ ಕೋಲಾರ ಜಿಲ್ಲೆಗೆ ಸೇರಿದ್ದ ಆ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ಮಳೆ ಬಂದರೆ ಕೆರೆ ತುಂಬಬೇಕು, ಕೆರೆ ತುಂಬಿದರೆ ಬೆಳೆಯಾಗಬೇಕು. ಅದಕ್ಕಾಗಿಯೇ ಹಿಂದಿನವರು ಅಲ್ಲಿ ಊರಿಗೊಂದರಂತೆ ಕೆರೆಗಳನ್ನು ಕಟ್ಟಿ, ಅವುಗಳನ್ನು ಸರಪಣಿಯಂತೆ ಜೋಡಿಸಿದ್ದರು. ಮೇಲಿನ ಕೆರೆ ಕೋಡಿಬಿದ್ದರೆ ಆ ನೀರು ಕೆಳಗಿನ ಕೆರೆಗೆ. ಮೇಲಿನ ಗದ್ದೆಯಿಂದ ಬಸಿದ ನೀರೂ ಕೆಳಗಿನ ಕೆರೆಗೆ. ಒಂದೇ ನೀರು ನಾಲ್ಕಾರು ಊರುಗಳಿಗೆ ಅನ್ನವಿಕ್ಕಿ ಮುಂದೆ ಸಾಗುತ್ತಿತ್ತು. ತೂಬನ್ನು ಎತ್ತುವ, ಸರದಿಯಂತೆ ಗದ್ದೆಗಳಿಗೆ ನೀರು ಬಿಡುವ ಹೊಣೆ ನೀರುಗಂಟಿಯದು. ಮಳೆ ಕಡಮೆಯಾದ ವರ್ಷ ಅಚ್ಚುಕಟ್ಟಿನಲ್ಲಿ ಎಷ್ಟು ಭಾಗ ನಾಟಿ ಮಾಡಬೇಕೆಂಬುದನ್ನು ಊರವರು ಕೂಡಿ ತೀರ್ಮಾನಿಸುವ ವಾಡಿಕೆಯೂ ಇತ್ತು. ಇಂತಹ ಸೀಮೆಯಲ್ಲಿ ಹುಟ್ಟಿದವರಿಗೆ ನೀರಿನ ಬೆಲೆಯನ್ನು ಬೇರೆಯಾಗಿ ಕಲಿಸಬೇಕಾಗಿರಲಿಲ್ಲ.

ಚಿಕ್ಕಂದಿನಲ್ಲಿಯೇ ತಂದೆ ತೀರಿಕೊಂಡರು. ಚಿಕ್ಕಬಳ್ಳಾಪುರದ ಶಾಲೆ ಮುಗಿಸಿದ ಬಾಲಕ, ಸೋದರಮಾವ ರಾಮಯ್ಯನವರ ಆಸರೆಯಲ್ಲಿ ಬೆಂಗಳೂರಿಗೆ ಬಂದನು. ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳಿ ತನ್ನ ಖರ್ಚನ್ನು ತೂಗಿಸಿಕೊಂಡು, ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪದವೀಧರನಾದನು. ಬಳಿಕ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆತು ಪುಣೆಯ ವಿಜ್ಞಾನ ಕಾಲೇಜಿಗೆ ಹೋಗಿ, 1883ರಲ್ಲಿ ಇಂಜನಿಯರಿಂಗ್ ಪರೀಕ್ಷೆಯಲ್ಲಿ ಮುಂಬಯಿ ಪ್ರಾಂತ್ಯಕ್ಕೇ ಪ್ರಥಮನಾಗಿ ತೇರ್ಗಡೆ ಹೊಂದಿದನು. ಮರುವರ್ಷವೇ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜನಿಯರ್ ಹುದ್ದೆ ದೊರೆಯಿತು.

ಉದ್ಯೋಗದ ಮೊದಲ ದಿನಗಳಿಂದಲೂ ಅವರ ಪಾಲಿಗೆ ಬಂದುದು ನೀರಿನ ಕೆಲಸವೇ. ಖಾನದೇಶದಲ್ಲಿ ಧುಳೆಯ ಬಳಿಯ ದಾತರ್ತಿಯಲ್ಲಿ, ಹೊಳೆಯ ಪಾತ್ರಕ್ಕೆ ಅಡ್ಡಲಾಗಿ ಕೊಳವೆಯ ಮೂಲಕ ಕಾಲುವೆಯ ನೀರನ್ನು ದಾಟಿಸುವ ಕಾಮಗಾರಿ ಅವರದಾಯಿತು. ಮಳೆಗಾಲದ ಪ್ರವಾಹದ ನಡುವೆಯೂ ಅದನ್ನು ಪೂರೈಸಿ ಮೇಲಧಿಕಾರಿಗಳ ಮೆಚ್ಚುಗೆ ಪಡೆದರು. 1895ರ ಹೊತ್ತಿಗೆ ಸಿಂಧ್ ಪ್ರಾಂತ್ಯದ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರನ್ನು ಒದಗಿಸುವ ಹೊಣೆ ಬಿತ್ತು. ಸಿಂಧೂ ನದಿ ಪಕ್ಕದಲ್ಲಿಯೇ ಹರಿಯುತ್ತಿದ್ದರೂ ಅದರ ನೀರು ಕೆಸರು. ಶೋಧಿಸುವ ದೊಡ್ಡ ತೊಟ್ಟಿಗಳನ್ನು ಕಟ್ಟಲು ಊರಿನ ಬಳಿ ಹಣವಿಲ್ಲ. ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲಿಯೇ ಬಾವಿ ತೋಡಿಸಿ, ಮರಳಿನ ಪದರದಲ್ಲಿ ತಾನಾಗಿ ಸೋಸಿ ಬಂದ ತಿಳಿನೀರನ್ನು ಗುಡ್ಡದ ಮೇಲಕ್ಕೆ ಏರಿಸಿ ಪಟ್ಟಣಕ್ಕೆ ಹರಿಸಿದರು. ವರ್ತಿ ತೋಡಿ ಹೊಳೆಯ ಮರಳಿನಿಂದ ನೀರು ಮೊಗೆಯುವ ನಮ್ಮ ಹಳ್ಳಿಯ ಹೆಂಗಸರಿಗೆ ಈ ತತ್ತ್ವ ಹೊಸದಲ್ಲ. ಪ್ರಕೃತಿ ಉಚಿತವಾಗಿ ಮಾಡಿಕೊಡುವ ಕೆಲಸಕ್ಕೆ ಹಣ ಸುರಿಯಬಾರದೆಂಬ ವಿವೇಕ ಇದರಲ್ಲಿ ಕಾಣುತ್ತದೆ.

1899ರಲ್ಲಿ ಅವರು ಪುಣೆ ನೀರಾವರಿ ವಿಭಾಗದ ಕಾರ್ಯನಿರ್ವಾಹಕ ಇಂಜನಿಯರಾದರು. ಆ ಕಾಲದಲ್ಲಿ ದಖ್ಖನ್ ಪ್ರದೇಶ ಕ್ಷಾಮದಿಂದ ತತ್ತರಿಸುತ್ತಿದ್ದಿತು. ಹಳ್ಳಿಗಳಲ್ಲಿ ದನಕರುಗಳು ಸತ್ತುಬೀಳುತ್ತಿದ್ದವು. ಜನರು ಕ್ಷಾಮಪರಿಹಾರದ ಕಾಮಗಾರಿಗಳಿಗೆ ಗುಳೆ ಹೋಗುತ್ತಿದ್ದರು. ಇತ್ತ ಪುಣೆಗೆ ನೀರೊದಗಿಸುತ್ತಿದ್ದ ಖಡಕವಾಸ್ಲಾ ಜಲಾಶಯದಲ್ಲಿ ಮಳೆಗಾಲದ ಹೆಚ್ಚಿನ ನೀರು ಕೋಡಿಯ ಮೇಲೆ ಹರಿದು ಪೋಲಾಗುತ್ತಿತ್ತು. ಕಟ್ಟೆಯನ್ನು ಎತ್ತರಿಸುವುದು ಅಪಾಯಕಾರಿ. ಆಗ ವಿಶ್ವೇಶ್ವರಯ್ಯನವರು ಕೋಡಿಯ ಮೇಲೆ ಸ್ವಯಂಚಾಲಿತ ಬಾಗಿಲುಗಳನ್ನು ಕಲ್ಪಿಸಿದರು. ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ ಆ ನೀರಿನ ಬಲದಿಂದಲೇ ತೂಕದ ಸಮತೋಲ ಬದಲಾಗಿ ಬಾಗಿಲುಗಳು ತೆರೆದುಕೊಳ್ಳುವುವು. ಮಟ್ಟ ಇಳಿದೊಡನೆ ಮತ್ತೆ ಮುಚ್ಚಿಕೊಳ್ಳುವುವು. ಇದರಿಂದ ಹಳೆಯ ಕಟ್ಟೆಯಲ್ಲಿಯೇ ಸುಮಾರು 8 ಅಡಿ ಹೆಚ್ಚು ನೀರು ನಿಲ್ಲುವಂತಾಯಿತು. ಈ ಯಂತ್ರಕ್ಕೆ ಅವರು ಹಕ್ಕುಪತ್ರ ಪಡೆದರಾದರೂ, ಸರ್ಕಾರಿ ನೌಕರಿಯಲ್ಲಿದ್ದಾಗ ಕಂಡುಹಿಡಿದುದೆಂಬ ಕಾರಣದಿಂದ ಅದರ ಗೌರವಧನವನ್ನು ಸ್ವೀಕರಿಸಲಿಲ್ಲ. ಮುಂದೆ ಗ್ವಾಲಿಯರಿನ ತಿಗ್ರಾ ಕಟ್ಟೆಯಲ್ಲಿಯೂ ಕನ್ನಂಬಾಡಿಯಲ್ಲಿಯೂ ಇಂತಹ ಬಾಗಿಲುಗಳು ಬಂದವು.

ಇಷ್ಟು ನೀರು ಉಳಿಸಿದುದಕ್ಕೆ ಲೋಕ ಅವರನ್ನು ಕೊಂಡಾಡಿತು. ಆದರೆ ಉಳಿಸಿದ ನೀರು ಯಾರ ಗದ್ದೆಗೆ ಹೋಗುವುದು? ಈ ಪ್ರಶ್ನೆಗೆ ಬಾಗಿಲುಗಳಲ್ಲಿ ಉತ್ತರವಿರಲಿಲ್ಲ. ವಿಶ್ವೇಶ್ವರಯ್ಯನವರು ಅದರ ಉತ್ತರವನ್ನು ಹುಡುಕಿದುದು ನೀರಾ ಕಾಲುವೆಯ ಹಳ್ಳಿಗಳಲ್ಲಿ.

ಭಾಟಘರ್ ಜಲಾಶಯದಿಂದ ನೀರು ಪಡೆದು ಬಾರಾಮತಿ, ಇಂದಾಪುರಗಳ ಕಡೆಗೆ ಹರಿಯುವ ನೀರಾ ಎಡದಂಡೆ ಕಾಲುವೆ 1885ರಲ್ಲಿ ಆರಂಭವಾಗಿದ್ದಿತು. ಕ್ಷಾಮದ ನಾಡಿಗೆ ಅದು ಗಂಗೆಯೇ ಬಂದಂತೆ. ಆದರೆ ಕೆಲವೇ ವರ್ಷಗಳಲ್ಲಿ ವಿಚಿತ್ರವಾದ ಸ್ಥಿತಿ ತಲೆದೋರಿತು. ಕಾಲುವೆಯ ತಲೆಯ ಬಳಿಯಿದ್ದ ಊರುಗಳ ರೈತರು ಕಬ್ಬನ್ನು ಬೆಳೆದು, ಅದಕ್ಕೆ ಬೇಕಾದುದಕ್ಕಿಂತ ಎಷ್ಟೋ ಹೆಚ್ಚು ನೀರನ್ನು ಕಟ್ಟತೊಡಗಿದರು. ಅತಿ ನೀರಿನಿಂದ ಭೂಮಿ ಜೌಗಾಯಿತು, ಚೌಳಾಯಿತು, ಮಲೇರಿಯ ಹಬ್ಬಿತು. ಕೆಳಗಿನ ಊರುಗಳವರಾದರೋ ಒಣಗಿದ ಕಾಲುವೆಯನ್ನು ನೋಡುತ್ತ ಕುಳಿತರು. ಒಂದು ಕಡೆ ನೀರೇ ಭೂಮಿಯನ್ನು ಕೆಡಿಸುತ್ತಿದ್ದರೆ, ಇನ್ನೊಂದು ಕಡೆ ನೀರಿಲ್ಲದೆ ಭೂಮಿ ಬಂಜೆಯಾಗಿದ್ದಿತು.

ಇದಕ್ಕೆ ಕಾರಣ ನೀರಿನ ಅಭಾವವಲ್ಲವೆಂಬುದನ್ನು ವಿಶ್ವೇಶ್ವರಯ್ಯನವರು ಸರಿಯಾಗಿ ಗ್ರಹಿಸಿದರು. ಅಲ್ಲಿಯವರೆಗೆ ನಡೆದುಬಂದಿದ್ದ ಪದ್ಧತಿಯಲ್ಲಿ ರೈತನು ತನಗೆ ತೋಚಿದ ಹೊಲಕ್ಕೆ ನೀರು ಬೇಕೆಂದು ಅರ್ಜಿ ಕೊಡುವನು. ನೀರು ಅಲ್ಲಿಗೆ ಹೋಗಬೇಕು. ಹೀಗೆ ಇಲ್ಲೊಂದು ಹೊಲ, ಅಲ್ಲೊಂದು ಹೊಲಕ್ಕೆ ನೀರು ಸಾಗಿಸುವಾಗ ಉದ್ದುದ್ದ ಕಾಲುವೆಗಳಲ್ಲಿಯೇ ಬಹುಪಾಲು ಇಂಗಿಹೋಗುತ್ತಿತ್ತು. ಯಾರು ಎಷ್ಟು ನೀರು ಕಟ್ಟಿದರೆಂದು ನೋಡಿಕೊಳ್ಳುವುದೂ ಅಸಾಧ್ಯವಾಗಿದ್ದಿತು. ಮಳೆಗಾಲದ ನೀರು ಹೇರಳ. ಬೇಸಗೆಯ ನೀರಾದರೋ ಜಲಾಶಯದಲ್ಲಿ ಕೂಡಿಟ್ಟದ್ದು, ಒಂದೊಂದು ಕೊಡವೂ ಬೆಲೆಯುಳ್ಳದ್ದು. ವರ್ಷವಿಡೀ ನೀರು ಕೇಳುವ ಕಬ್ಬು ಆ ಬೆಲೆಯುಳ್ಳ ನೀರನ್ನೆಲ್ಲ ಕುಡಿದುಬಿಡುತ್ತಿತ್ತು.

ಅವರು ಸೂಚಿಸಿದ ಪರಿಹಾರಕ್ಕೆ ಬ್ಲಾಕ್ ಪದ್ಧತಿಯೆಂದು ಹೆಸರಾಯಿತು. ಇದರ ಸ್ವರೂಪ ಸರಳವಾದುದು. ಕಾಲುವೆಯ ನೀರನ್ನು ಕೆಲವೇ ಊರುಗಳಿಗೆ ಬಿಟ್ಟುಕೊಡದೆ ಆದಷ್ಟು ಹೆಚ್ಚು ಊರುಗಳಿಗೆ ಹಂಚಬೇಕು. ಪ್ರತಿಯೊಂದು ಊರಿನಲ್ಲಿಯೂ, ನೀರು ಬಸಿದುಹೋಗುವ ಒಳ್ಳೆಯ ಮಣ್ಣಿನ ಜಮೀನನ್ನು ಆರಿಸಿ, ಒಂದೇ ಕಡೆ ಕೂಡಿಕೊಂಡಿರುವ ತುಂಡುಗಳಾಗಿ ಗುರುತಿಸಬೇಕು. ಆ ತುಂಡುಗಳಿಗೆ ಕೆಲವು ವರ್ಷಗಳ ಕಾಲ ನೀರು ಖಂಡಿತ ದೊರೆಯುವುದೆಂದು ಸರ್ಕಾರ ಭರವಸೆ ಕೊಡಬೇಕು. ಅದರ ಮೂರರಲ್ಲಿ ಒಂದು ಭಾಗದಲ್ಲಿ ಮಾತ್ರ ಕಬ್ಬು. ಉಳಿದ ಭಾಗಗಳಲ್ಲಿ ಕಡಮೆ ನೀರಿನ ಬೆಳೆಗಳು. ಮುಂದಿನ ವರ್ಷ ಬೆಳೆಗಳ ಸ್ಥಾನ ಬದಲಾಗಬೇಕು. ಹೀಗೆ ಮಾಡಿದರೆ ನೀರು ದಾರಿಯಲ್ಲಿ ಇಂಗುವುದು ತಪ್ಪುವುದು, ಮಣ್ಣಿಗೆ ವಿಶ್ರಾಂತಿ ದೊರೆಯುವುದು, ಮೊದಲಿದ್ದಷ್ಟೇ ನೀರಿನಲ್ಲಿ ಹೆಚ್ಚು ಸಂಸಾರಗಳು ಬದುಕುವುವು. ರೈತನು ಸ್ವಲ್ಪ ಸ್ವೇಚ್ಛೆಯನ್ನು ಬಿಟ್ಟುಕೊಟ್ಟು ಅದಕ್ಕೆ ಬದಲಾಗಿ ನಿಶ್ಚಯವನ್ನು ಪಡೆಯಬೇಕೆಂಬುದೇ ಇದರ ಸಾರ. ಬರದ ವರ್ಷ ಅಚ್ಚುಕಟ್ಟನ್ನು ಮಿತಗೊಳಿಸಿ ಎಲ್ಲರಿಗೂ ಒಂದಿಷ್ಟು ನೀರು ದೊರಕಿಸುತ್ತಿದ್ದ ನಮ್ಮ ಕೆರೆಯ ಊರುಗಳ ವಾಡಿಕೆಗೂ ಇದಕ್ಕೂ ಇರುವ ಹೋಲಿಕೆಯನ್ನು ವಾಚಕರು ಗಮನಿಸಬಹುದು.

ಹೇಳುವುದು ಸುಲಭ, ಒಪ್ಪಿಸುವುದು ಕಷ್ಟ. ಬೇಕಾದಾಗ ಬೇಕಾದಷ್ಟು ನೀರು ಕಟ್ಟಿ ರೂಢಿಯಾಗಿದ್ದ ಕಬ್ಬಿನ ಬೆಳೆಗಾರರಿಗೆ ಈ ನಿಯಮ ಸಂಕೋಲೆಯಂತೆ ಕಂಡಿತು. ಪತ್ರಿಕೆಗಳಲ್ಲಿಯೂ ಟೀಕೆ ಬಂದಿತು. ಪರಕೀಯ ಸರ್ಕಾರದ ಅಧಿಕಾರಿಯೊಬ್ಬನು ತಂದ ಕಟ್ಟಳೆಯನ್ನು ಜನರು ಸಂಶಯದಿಂದ ನೋಡಿದುದು ಸಹಜವೇ ಸರಿ. ಆದರೆ ವಿಶ್ವೇಶ್ವರಯ್ಯನವರು ಅಧಿಕಾರದ ದರ್ಪದಿಂದ ಅದನ್ನು ಹೇರಲು ಹೋಗಲಿಲ್ಲ. ರೈತರನ್ನು ಸಂಧಿಸಿ, ಅವರ ಆಕ್ಷೇಪಣೆಗಳನ್ನು ಕೇಳಿ, ಲೆಕ್ಕಗಳನ್ನು ಮುಂದಿಟ್ಟು ವಿವರಿಸಿದರು. ಸರ್ ಕಾಲಿನ್ ಸ್ಕಾಟ್-ಮಾನ್‌ಕ್ರೀಫ್ ಅವರ ಅಧ್ಯಕ್ಷತೆಯಲ್ಲಿ 1901ರಲ್ಲಿ ನೇಮಕವಾದ ಭಾರತದ ನೀರಾವರಿ ಆಯೋಗದ ಮುಂದೆಯೂ ತಮ್ಮ ವಿಚಾರವನ್ನು ಮಂಡಿಸಿದರು. ಆಯೋಗ ಅದನ್ನು ಮೆಚ್ಚಿಕೊಂಡಿತು. ನೀರಾ ಕಾಲುವೆಯಲ್ಲಿ ಪ್ರಯೋಗ ಆರಂಭವಾಯಿತು. ಬ್ಲಾಕ್ ಪದ್ಧತಿ ಕ್ರಮೇಣ ಮುಂಬಯಿ ದಖ್ಖನಿನ ಕಾಲುವೆಗಳಲ್ಲಿ ಬೇರೂರಿತು.

ಇಷ್ಟರಿಂದ ಎಲ್ಲವೂ ಸರಿಹೋಯಿತೆಂದು ಬರೆದರೆ ಅದು ಚರಿತ್ರೆಗೆ ಮಾಡಿದ ಅಪಚಾರವಾದೀತು. ಕಬ್ಬಿನ ಲಾಭದ ಆಕರ್ಷಣೆ ನಿಯಮಕ್ಕಿಂತ ಬಲವಾದುದು. ಮುಂದಿನ ದಶಕಗಳಲ್ಲಿ ಕಬ್ಬಿನ ಬೆಳೆ ವಿಸ್ತರಿಸಿತು. ಜೌಗಿನ ಪೀಡೆ ಪೂರ್ತಿ ತೊಲಗಲಿಲ್ಲ. ಪದ್ಧತಿಯ ತತ್ತ್ವ ಕೆಟ್ಟುದಲ್ಲ. ಅದನ್ನು ಕಾಯುವ ಮನಸ್ಸು ಸಡಿಲವಾಯಿತು. ನಿಯಮವು ಕಟ್ಟೆಯಂತಲ್ಲ. ಕಟ್ಟೆಯನ್ನು ಒಮ್ಮೆ ಕಟ್ಟಿದರೆ ಅದು ನೂರು ವರ್ಷ ನಿಲ್ಲುತ್ತದೆ. ನಿಯಮವನ್ನು ಪ್ರತಿ ಬೇಸಾಯದ ಕಾಲದಲ್ಲಿಯೂ ಹೊಸದಾಗಿ ಕಟ್ಟಬೇಕು.

ಬಳಿಕ ಅವರ ಕೀರ್ತಿ ದೇಶದಾಚೆಗೂ ಹಬ್ಬಿತು. 1906ರಲ್ಲಿ ಏಡನ್ನಿಗೆ ಹೋಗಿ, ಮಳೆಯೇ ಕಾಣದ ಆ ಬಂದರಿನ ನೀರು ಮತ್ತು ಚರಂಡಿಯ ವ್ಯವಸ್ಥೆಗೆ ಯೋಜನೆ ಸಿದ್ಧಪಡಿಸಿದರು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನರು ಮಡಿದಾಗ, ನಿಜಾಮರ ಸರ್ಕಾರ ಅವರ ನೆರವನ್ನು ಬೇಡಿತು. ಊರನ್ನು ಮುಳುಗಿಸಿದ ಪ್ರವಾಹವನ್ನೇ ಮೇಲೆ ಹಿಡಿದಿಟ್ಟು ಊರಿಗೆ ಕುಡಿಯಲು ಕೊಡುವ ಉಪಾಯವನ್ನು ಅವರು ಸೂಚಿಸಿದರು. 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಸಿದ್ಧವಾದುದು ಈ ಯೋಜನೆಯ ಫಲ.

1909ರ ನವೆಂಬರಿನಲ್ಲಿ ಅವರು ಮೈಸೂರಿನ ಮುಖ್ಯ ಇಂಜನಿಯರಾಗಿ ತಾಯ್ನಾಡಿಗೆ ಮರಳಿದರು; 1912ರಿಂದ 1918ರವರೆಗೆ ದಿವಾನರಾಗಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಈ ಅವಧಿಯಲ್ಲಿ ನಡೆದ ಕಾರ್ಯಗಳನ್ನೆಲ್ಲ ಇಲ್ಲಿ ಎಣಿಸಲು ಸ್ಥಳವಿಲ್ಲ. 1911ರಲ್ಲಿ ಆರಂಭವಾದ ಕನ್ನಂಬಾಡಿಯ ಕೆಲಸಕ್ಕೆ ಮದರಾಸು ಸರ್ಕಾರ ಮೊದಲು ಒಪ್ಪಿದುದು 80 ಅಡಿಯ ಕಟ್ಟೆಗೆ. ಆದರೂ ಮುಂದೆ ಅದನ್ನು ಎತ್ತರಿಸಲು ಅನುಕೂಲವಾಗುವಂತೆ ಅವರು ಅಸ್ತಿವಾರವನ್ನು ಅಗಲವಾಗಿಯೇ ಹಾಕಿಸಿದರು. ಈ ದೂರದೃಷ್ಟಿಯ ಫಲವಾಗಿಯೇ 1931-32ರ ಹೊತ್ತಿಗೆ 130 ಅಡಿಯ ಕಟ್ಟೆ ಪೂರ್ಣಗೊಂಡಿತು. ಅಲ್ಲಿ ನಿಂತ ಕಾವೇರಿಯ ನೀರು ಬೇಸಗೆಯಲ್ಲಿಯೂ ಶಿವನಸಮುದ್ರದಲ್ಲಿ ವಿದ್ಯುತ್ತನ್ನು ಉತ್ಪಾದಿಸಲು ನೆರವಾಯಿತು.

ಈ ಮಹಾಕಾರ್ಯದ ಗದ್ದಲದಲ್ಲಿಯೂ ಅವರು ಸಣ್ಣ ಕೆರೆಗಳನ್ನು ಮರೆಯಲಿಲ್ಲ. ಕೆರೆಗಳ ರಕ್ಷಣೆಯನ್ನು ಊರವರ ಪಂಚಾಯಿತಿಗೆ ಒಪ್ಪಿಸುವ ಕಾನೂನು ಮೈಸೂರಿನಲ್ಲಿ ಬಂದುದು 1911ರಲ್ಲಿ. ಅವರು ದಿವಾನರಾಗಿದ್ದಾಗ ಆರಂಭವಾದ ಗ್ರಾಮಾಭಿವೃದ್ಧಿ ಯೋಜನೆಯಲ್ಲಿ ಊರೂರಿಗೆ ಸಮಿತಿಗಳೇರ್ಪಟ್ಟವು. ಕೆರೆ, ಬಾವಿ, ರಸ್ತೆಗಳ ಕೆಲಸಕ್ಕೆ ಊರವರು ತಮ್ಮ ಶ್ರಮವನ್ನು ಕೊಡಬೇಕೆಂದು ಗೊತ್ತಾಯಿತು. ಊರಿನ ನೀರನ್ನು ಊರೇ ಕಾಯಬೇಕು ಎಂಬ ಅಭಿಪ್ರಾಯ ಇವೆಲ್ಲದರ ಮೂಲದಲ್ಲಿದೆ.

ನೀರಾ ಕಾಲುವೆಯ ಪಾಠ ಮತ್ತೆ ಪ್ರಯೋಗಕ್ಕೆ ಬಂದುದು ಮಂಡ್ಯದಲ್ಲಿ. ಅಧಿಕಾರ ಬಿಟ್ಟ ಬಳಿಕವೂ ಅವರು ಇರ್ವಿನ್ ನಾಲೆಯ ಯೋಜನೆಗೆ ಮಾರ್ಗದರ್ಶನ ಮಾಡಿದರು. ಈಗ ಆ ನಾಲೆ ಅವರ ಹೆಸರನ್ನೇ ಧರಿಸಿದೆ. ಅದರಿಂದ ಸುಮಾರು 1,20,000 ಎಕರೆಗೆ ನೀರು ಕೊಡಬೇಕೆಂದು ಉದ್ದೇಶಿಸಲಾಗಿತ್ತು. ಒಂದು ಭಾಗ ಬತ್ತ, ಒಂದು ಭಾಗ ಕಬ್ಬು, ಒಂದು ಭಾಗ ಅರೆಖುಷ್ಕಿ ಬೆಳೆ, ಮೂರು ವರ್ಷಕ್ಕೊಮ್ಮೆ ಒಂದು ಸುತ್ತು ಎಂಬ ಕ್ರಮ ಅಲ್ಲಿ ಜಾರಿಗೆ ಬಂದಿತು. ಆದರೆ ಅಲ್ಲಿಯೂ ಕಾಲಕ್ರಮದಲ್ಲಿ ಬತ್ತವೂ ಕಬ್ಬೂ ಮೂರನೆಯ ಭಾಗವನ್ನು ನುಂಗಿದವು. ನಾಲೆಯ ಕೊನೆಗಿರುವ ಮದ್ದೂರು, ಮಳವಳ್ಳಿಗಳ ಹಲವು ಊರುಗಳಿಗೆ ನೀರು ಸರಿಯಾಗಿ ತಲಪುವುದಿಲ್ಲವೆಂಬ ದೂರು ಬರದ ವರ್ಷಗಳಲ್ಲಿ ಇಂದಿಗೂ ಕೇಳಿಬರುತ್ತದೆ.

1955ರಲ್ಲಿ ಅವರಿಗೆ ಭಾರತರತ್ನ ಪ್ರಶಸ್ತಿ ದೊರೆಯಿತು. 1961ರಲ್ಲಿ ಜನ್ಮಶತಾಬ್ದಿಯನ್ನು ಕಂಡು, 1962ರ ಏಪ್ರಿಲ್ ತಿಂಗಳಲ್ಲಿ ಅವರು ಬೆಂಗಳೂರಿನಲ್ಲಿ ದೇಹವನ್ನು ಬಿಟ್ಟರು. ಹುಟ್ಟೂರಾದ ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿಯಿದೆ.

ಆ ಸಮಾಧಿಯ ಸುತ್ತಲಿನ ಸೀಮೆಯ ಕಥೆಯನ್ನು ಹೇಳದೆ ಈ ಲೇಖನವನ್ನು ಮುಗಿಸುವಂತಿಲ್ಲ. ಅವರ ಕಾಲಾನಂತರ ಕೋಲಾರ, ಚಿಕ್ಕಬಳ್ಳಾಪುರ ಸೀಮೆಯಲ್ಲಿ ಕೆರೆಗಳು ಹೂಳು ತುಂಬಿ, ರಾಜಕಾಲುವೆಗಳು ಒತ್ತುವರಿಯಾಗಿ, ನೀರು ಬತ್ತಿತು. ಜನರು ಕೊಳವೆಬಾವಿಗಳಿಗೆ ಮೊರೆಹೋದರು; ಅವು ಸಾವಿರ ಅಡಿ ದಾಟಿದರೂ ನೀರು ಸಿಕ್ಕದಂತಾಯಿತು. ಕೊನೆಗೆ ಬೆಂಗಳೂರು ನಗರ ಬಳಸಿ ಬಿಟ್ಟ ನೀರನ್ನು ಶುದ್ಧೀಕರಿಸಿ ಈ ಕೆರೆಗಳಿಗೆ ತರುವ ಯೋಜನೆಗಳು ಬಂದವು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು 2018ರಲ್ಲಿ ಕೋಲಾರದ ಕೆರೆಗಳನ್ನು ಮುಟ್ಟಿತು. ದಿನಕ್ಕೆ 44 ಕೋಟಿ ಲೀಟರ್ ನೀರನ್ನು ಕಳುಹಿಸುವುದು ಅದರ ಉದ್ದೇಶ. ಹೆಬ್ಬಾಳ–ನಾಗವಾರ ಕಣಿವೆಯ ನೀರು ಚಿಕ್ಕಬಳ್ಳಾಪುರದ ಕೆರೆಗಳಿಗೆ ಹರಿಯಿತು. ಈ ನೀರು ಕುಡಿಯಲಿಕ್ಕಲ್ಲ, ನೇರವಾಗಿ ಗದ್ದೆಗೆ ಹಾಯಿಸಲಿಕ್ಕೂ ಅಲ್ಲ. ಕೆರೆಯಲ್ಲಿ ನಿಂತು ನೆಲದೊಳಕ್ಕೆ ಇಂಗಿ ಅಂತರ್ಜಲವನ್ನು ಹೆಚ್ಚಿಸಲಿಕ್ಕೆ. ಒಂದು ಕೆರೆ ತುಂಬಿದ ಮೇಲೆ ಮುಂದಿನದಕ್ಕೆ ಹರಿಯುವ ಹಿರಿಯರ ಸರಪಣಿಯೇ ಇದಕ್ಕೆ ದಾರಿಯಾಯಿತು. ನೀರನ್ನು ಎರಡು ಹಂತಗಳವರೆಗೆ ಶುದ್ಧಿಮಾಡಿದರೆ ಸಾಲದು, ಮೂರನೆಯ ಹಂತವೂ ಬೇಕೆಂದು ಆ ಸೀಮೆಯ ಜನರು ಒತ್ತಾಯಿಸಿದರು. ವಿವಾದ ನ್ಯಾಯಾಲಯಗಳವರೆಗೂ ಹೋಯಿತು. ಅವರ ಆತಂಕವನ್ನು ಹಗುರವಾಗಿ ಕಾಣಲಾಗದು. ನೆಲದೊಳಕ್ಕೆ ಇಳಿದ ವಿಷವನ್ನು ಮರಳಿ ತೆಗೆಯುವುದು ಬಹು ಕಷ್ಟದ ಕೆಲಸ.

ಶುದ್ಧಿಯ ಪ್ರಶ್ನೆ ತೀರಿದರೂ ಹಂಚಿಕೆಯ ಪ್ರಶ್ನೆ ಉಳಿಯುತ್ತದೆ. ಕೆರೆ ತುಂಬಿದೊಡನೆ ದಡದಲ್ಲಿ ಪಂಪು ಇಡಬಲ್ಲವನು ನೀರನ್ನೆಲ್ಲ ಎಳೆದುಕೊಂಡರೆ ಕೆಳಗಿನ ಕೆರೆಗೆ ಏನು ಉಳಿದೀತು? ಬಾವಿಗೆ ನೀರು ಬಂದೊಡನೆ ಎಲ್ಲರೂ ಹೆಚ್ಚು ನೀರಿನ ಬೆಳೆಗೇ ಕೈಹಾಕಿದರೆ ಮತ್ತೆ ಎಷ್ಟು ದಿನ? ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಮುದ್ದೇನಹಳ್ಳಿಯ ಮಗನೊಬ್ಬನು ನೀರಾ ಕಾಲುವೆಯ ದಡದಲ್ಲಿ ಎದುರಿಸಿದ ಪ್ರಶ್ನೆ ಈಗ ಅವನ ಹುಟ್ಟೂರಿನ ಬಾಗಿಲಿಗೇ ಬಂದಿದೆ.

ವಿಶ್ವೇಶ್ವರಯ್ಯನವರನ್ನು ಇಂಜನಿಯರುಗಳ ಸೊತ್ತೆಂದು ನಾವು ಬಿಟ್ಟುಕೊಟ್ಟಿದ್ದೇವೆ. ಅವರ ಜನ್ಮದಿನವನ್ನು ಇಂಜನಿಯರುಗಳ ದಿನವೆಂದು ಆಚರಿಸುವುದು ಯೋಗ್ಯವೇ. ಆದರೆ ನೀರನ್ನು ಹಿಡಿಯುವುದಷ್ಟೇ ಇಂಜನಿಯರನ ಕೆಲಸ. ಮೇಲೂರಿನವನು ಕೆಳಗಿನೂರಿನವನಿಗಾಗಿ ತೂಬು ಮುಚ್ಚುವಂತೆ ಮಾಡುವುದು ಯಾವ ವಿದ್ಯೆಗೆ ಸೇರಿದ್ದು? ಅದು ಅರ್ಥಶಾಸ್ತ್ರಕ್ಕೆ, ಸಮಾಜಶಾಸ್ತ್ರಕ್ಕೆ, ರಾಜ್ಯಶಾಸ್ತ್ರಕ್ಕೆ ಸೇರಿದ್ದು. ಎಂದರೆ ನಮ್ಮಂತಹ ಕಲಾ ವಿದ್ಯಾರ್ಥಿಗಳು ತರಗತಿಯಲ್ಲಿ ಓದುವ ವಿಷಯಗಳಿಗೆ. ನಮ್ಮಲ್ಲಿ ಅನೇಕರು ಹಳ್ಳಿಗಳಿಂದ ಬಂದವರು. ಪದವಿ ಪಡೆದು ಕೆಲವರಾದರೂ ಹಳ್ಳಿಗಳಿಗೆ ಮರಳುವವರು, ಪಂಚಾಯಿತಿಗಳಲ್ಲಿ ಕುಳಿತುಕೊಳ್ಳುವವರು. ನಮ್ಮ ಊರಿನ ಕೆರೆಯ ತೂಬು ಯಾರ ಕೈಯಲ್ಲಿದೆ, ಕೋಡಿಯ ನೀರು ಯಾವ ಊರಿಗೆ ಹೋಗುತ್ತದೆ, ಬರದ ವರ್ಷ ಎಷ್ಟು ನಾಟಿಯೆಂದು ಯಾರು ತೀರ್ಮಾನಿಸುತ್ತಾರೆ, ಇಷ್ಟನ್ನಾದರೂ ನಾವು ಕೇಳಿ ತಿಳಿದುಕೊಂಡರೆ ಆ ಮಹನೀಯರ ಬಾಳನ್ನು ಓದಿದುದಕ್ಕೆ ಸಾರ್ಥಕವಾದೀತು.